ಬಾಣದ ದಿಕ್ಕು: ಲಿವರ್, ಸಕ್ಕರೆ ಮತ್ತು ಉರಿಯುವ ಅಂಗಾಲು

1849ರಲ್ಲಿ ಪ್ಯಾರಿಸ್ಸಿನ ಶರೀರಶಾಸ್ತ್ರಜ್ಞ ಕ್ಲೋಡ್ ಬೆರ್ನಾರ್ ಮೊಲವೊಂದರ ತಲೆಯ ಹಿಂಭಾಗದಿಂದ ಚೂಪಾದ ಉಪಕರಣವನ್ನು ಇಳಿಸಿ, ಮಿದುಳಿನ ಬುಡದಲ್ಲಿ ಒಂದು ನಿರ್ದಿಷ್ಟ ಜಾಗಕ್ಕೆ ಚುಚ್ಚಿದ. ಸ್ವಲ್ಪ ಹೊತ್ತಿನಲ್ಲೇ ಆ ಮೊಲದ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಂಡಿತು. ಅದಕ್ಕೆ ಮೊದಲು ಮೊಲಕ್ಕೆ ಯಾವ ಕಾಯಿಲೆಯೂ ಇರಲಿಲ್ಲ. ಚುಚ್ಚಿದ್ದು ನರಮಂಡಲಕ್ಕೆ, ಸಕ್ಕರೆ ಹೊರಬಿದ್ದದ್ದು ಲಿವರಿನಿಂದ. ವೈದ್ಯಕೀಯ ಇತಿಹಾಸದಲ್ಲಿ ಈ ಪ್ರಯೋಗ ‘ಪಿಕ್ಯೂರ್’, ಅಂದರೆ ‘ಚುಚ್ಚು’, ಎಂಬ ಹೆಸರಿನಲ್ಲೇ ಪ್ರಸಿದ್ಧ.

ಲಿವರ್, ಸಕ್ಕರೆ, ನರ ಈ ಮೂರನ್ನೂ ಒಂದೇ ಪ್ರಯೋಗದಲ್ಲಿ ಜೋಡಿಸಿದ್ದು ಬಹುಶಃ ಅದೇ ಮೊದಲು. ಇಂದು ಸಕ್ಕರೆ ಕಾಯಿಲೆಯವರ ಅಂಗಾಲು ಉರಿಗೂ ಅವರ ಲಿವರಿನಲ್ಲಿ ತುಂಬಿಕೊಂಡ ಕೊಬ್ಬಿಗೂ ಸಂಬಂಧವಿದೆಯೇ ಎಂದು ಸಂಶೋಧಕರು ಕೇಳುತ್ತಿದ್ದಾರೆ. ಹೊಸದಾಗಿ ಕಾಣುವ ಈ ಪ್ರಶ್ನೆಯ ಹಿಂದೆ ನೂರೆಪ್ಪತ್ತು ವರ್ಷಕ್ಕೂ ಮೀರಿದ ವಾದ ವಿವಾದವಿದೆ. ಈ ಮೂರರಲ್ಲಿ ಯಾವುದು ಯಾವುದನ್ನು ಕೆಡಿಸುತ್ತದೆ? ಬಾಣದ ಗುರುತು ಯಾವ ಕಡೆಗೆ? ಪ್ರತಿ ತಲೆಮಾರಿನ ವೈದ್ಯರೂ ಒಂದು ಉತ್ತರ ಕೊಟ್ಟರು, ಆ ಉತ್ತರಕ್ಕೆ ತಕ್ಕಂತೆ ರೋಗಿಯ ದೇಹದಲ್ಲಿ ಒಂದು ಭಾಗವನ್ನು ನೋಡಿದರು, ಇನ್ನೊಂದನ್ನು ಬಿಟ್ಟರು. ಬಿಟ್ಟುಹೋದ ಭಾಗ ಅನೇಕ ಸಲ ಪಾದವೇ ಆಗಿತ್ತು.

ದ್ರಾಕ್ಷಿ ಬೆಳೆಗಾರನ ಮಗ

ಬೆರ್ನಾರ್ 1813ರಲ್ಲಿ ಫ್ರಾನ್ಸಿನ ಬೋಜೊಲೆ ಪ್ರಾಂತದ ಸೇಂ-ಜೂಲಿಯನ್ ಎಂಬ ಹಳ್ಳಿಯಲ್ಲಿ ಹುಟ್ಟಿದ. ಮನೆಯವರು ದ್ರಾಕ್ಷಿ ಬೆಳೆಗಾರರು. ಹುಡುಗ ಲಿಯೋನ್ ನಗರದ ಔಷಧದಂಗಡಿಯಲ್ಲಿ ಕೆಲಸ ಕಲಿಯಲು ಸೇರಿದ. ಮನಸ್ಸು ಮಾತ್ರ ನಾಟಕದಲ್ಲಿತ್ತು. ಬರೆದ ನಾಟಕವನ್ನು ಹಿಡಿದುಕೊಂಡು ಪ್ಯಾರಿಸ್ಸಿಗೆ ಹೋದಾಗ ಅಲ್ಲಿನ ಹೆಸರಾಂತ ವಿಮರ್ಶಕನೊಬ್ಬ, ಹೊಟ್ಟೆಪಾಡಿಗೆ ಬೇರೆ ವಿದ್ಯೆ ಕಲಿತುಕೋ ಎಂದು ಬುದ್ಧಿ ಹೇಳಿದ. ಹಾಗೆ ವೈದ್ಯಶಾಸ್ತ್ರಕ್ಕೆ ಬಂದವನು ಶರೀರಶಾಸ್ತ್ರದ ದಾರಿಯನ್ನೇ ತಿರುಗಿಸಿದ.

ಆ ಕಾಲದ ರಸಾಯನಶಾಸ್ತ್ರಜ್ಞರ ನಂಬಿಕೆ ಸರಳವಾಗಿತ್ತು. ಸಕ್ಕರೆಯನ್ನು ತಯಾರಿಸುವುದು ಸಸ್ಯಗಳು, ಪ್ರಾಣಿಗಳು ಅದನ್ನು ತಿಂದು ಉರಿಸುತ್ತವೆ, ಅಷ್ಟೆ. ಬೆರ್ನಾರ್ ತಿಂದ ಸಕ್ಕರೆ ಎಲ್ಲಿ ಹೋಗುತ್ತದೆ ಎಂದು ಹುಡುಕುತ್ತ ಹೊರಟವನು ಬರೀ ಮಾಂಸ ತಿನ್ನಿಸಿದ ನಾಯಿಯ ರಕ್ತದಲ್ಲೂ ಸಕ್ಕರೆಯನ್ನು ಕಂಡ. ಕರುಳಿನಿಂದ ಲಿವರಿಗೆ ಹೋಗುವ ರಕ್ತದಲ್ಲಿ ಅದು ಸಿಗಲಿಲ್ಲ. ಲಿವರಿನಿಂದ ಹೊರಬರುವ ರಕ್ತದಲ್ಲಿ ಧಾರಾಳವಾಗಿತ್ತು. ಅಂದರೆ ಲಿವರೇ ಸಕ್ಕರೆಯನ್ನು ಮಾಡುತ್ತಿದೆ. ಇದು 1848ರ ಮಾತು. 1855ರಲ್ಲಿ ಅವನು ನಾಯಿಯ ಲಿವರನ್ನು ಹೊರತೆಗೆದು, ಅದರ ರಕ್ತನಾಳಗಳ ಮೂಲಕ ನೀರು ಹಾಯಿಸಿ, ಸಕ್ಕರೆಯ ಅಂಶವೇ ಉಳಿಯದಂತೆ ತೊಳೆದಿಟ್ಟ. ಮಾರನೆಯ ದಿನ ನೋಡಿದರೆ ಅದೇ ಲಿವರಿನಲ್ಲಿ ಮತ್ತೆ ಸಕ್ಕರೆ! ಒಳಗೆ ಯಾವುದೋ ಮೂಲವಸ್ತು ಕೂಡಿಟ್ಟಿದೆ, ಅದು ಸಕ್ಕರೆಯಾಗಿ ಮಾರ್ಪಡುತ್ತಿದೆ ಎಂದು ಅವನು ಊಹಿಸಿದ. 1857ರಲ್ಲಿ ಆ ವಸ್ತುವನ್ನು ಬೇರ್ಪಡಿಸಿ ಗ್ಲೈಕೋಜನ್ ಎಂದು ಹೆಸರಿಟ್ಟ. ನಮ್ಮ ಮನೆಗಳ ಕಣಜದ ಹಾಗೆ, ಸುಗ್ಗಿಯಲ್ಲಿ ತುಂಬಿಕೊಂಡು ಕೊರತೆಯಲ್ಲಿ ಅಳೆದುಕೊಡುವ ಕೆಲಸ ಲಿವರಿನದು ಎಂಬುದು ಹೀಗೆ ಗೊತ್ತಾಯಿತು.

ಮೊಲದ ಮಿದುಳಿಗೆ ಚುಚ್ಚಿದ್ದು ಈ ಹುಡುಕಾಟದ ನಡುವೆ. ಕಣಜದ ಬಾಗಿಲು ತೆಗೆಯುವುದು ನರಗಳ ಅಪ್ಪಣೆಯಿಂದ ಎಂಬುದನ್ನು ಅದು ತೋರಿಸಿತು. ಬೆರ್ನಾರ್ ಮೊದಲು ಆ ಅಪ್ಪಣೆ ವೇಗಸ್ ನರದ ಮೂಲಕ ಹೋಗುತ್ತದೆ ಎಂದುಕೊಂಡಿದ್ದ. ಆ ನರವನ್ನು ಕತ್ತರಿಸಿದರೂ ಚುಚ್ಚಿನ ಪರಿಣಾಮ ನಿಲ್ಲಲಿಲ್ಲ. ಸೂಚನೆ ಬೆನ್ನುಹುರಿಯ ಹಾದಿ ಹಿಡಿದು ಲಿವರನ್ನು ತಲುಪುತ್ತಿತ್ತು. ಹೆದರಿದಾಗ, ಓಡಬೇಕಾದಾಗ ನಮ್ಮ ರಕ್ತದಲ್ಲಿ ಸಕ್ಕರೆ ಏರುವುದರಲ್ಲಿ ಈ ದಾರಿಗೂ ಪಾಲಿದೆ ಎಂಬುದು ಇಂದು ಪಠ್ಯಪುಸ್ತಕದ ವಿಷಯ.

ಇಲ್ಲಿಂದ ಒಂದು ತಪ್ಪು ದಾರಿಯೂ ತೆರೆದುಕೊಂಡಿತು. ನರಕ್ಕೆ ಪೆಟ್ಟಾದರೆ ಮೂತ್ರದಲ್ಲಿ ಸಕ್ಕರೆ ಬರುತ್ತದೆ ಎಂದ ಮೇಲೆ ಮನುಷ್ಯರ ಸಕ್ಕರೆ ಕಾಯಿಲೆಯೂ ನರದ ರೋಗವೇ ಇರಬೇಕಲ್ಲವೇ? ನರ ಕೆಡುತ್ತದೆ, ಅದರಿಂದ ಲಿವರ್ ಅಂಕೆ ತಪ್ಪುತ್ತದೆ, ಅದರಿಂದ ಸಕ್ಕರೆ ಹೆಚ್ಚುತ್ತದೆ. ಈ ಬಾಣದ ದಿಕ್ಕು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅನೇಕ ವೈದ್ಯರಿಗೆ ಒಪ್ಪಿಗೆಯಾಗಿತ್ತು. ರೋಗಿಯ ಕಾಲು ಉರಿಯುತ್ತಿದೆ, ಮರಗಟ್ಟುತ್ತಿದೆ ಎಂದರೆ ಅದು ರೋಗದ ಮೂಲದ ಸುಳಿವು, ಫಲವಲ್ಲ ಎಂದು ಅವರು ಓದಿಕೊಂಡರು.

ಬಾಣ ತಿರುಗಿತು

ಕಾಲು ಉರಿಯ ದೂರು ಮಾತ್ರ ಬಹಳ ಹಳೆಯದು. ಚರಕ ಸಂಹಿತೆಯ ನಿದಾನಸ್ಥಾನದಲ್ಲಿ ಪ್ರಮೇಹದ ಮುನ್ಸೂಚನೆಗಳ ಪಟ್ಟಿಯಿದೆ. ಬಾಯಿ ಸಿಹಿಯಾಗುವುದು, ಗಂಟಲು ಒಣಗುವುದು, ಮೂತ್ರಕ್ಕೆ ಇರುವೆ ಮುತ್ತುವುದು ಇವುಗಳ ಜೊತೆಗೆ ಕೈಕಾಲುಗಳ ಉರಿ ಮತ್ತು ಸ್ಪರ್ಶ ತಿಳಿಯದಿರುವಿಕೆಯನ್ನೂ ಅಲ್ಲಿ ಹೇಳಿದೆ. ಇದನ್ನು ಹಿಡಿದುಕೊಂಡು ನಮ್ಮವರಿಗೆ ಎಲ್ಲವೂ ಮೊದಲೇ ಗೊತ್ತಿತ್ತು ಎನ್ನಬೇಕಾಗಿಲ್ಲ. ರೋಗಿ ಹೇಳಿದ್ದನ್ನು ಯಾರೋ ಗಮನವಿಟ್ಟು ಕೇಳಿ ಬರೆದಿಟ್ಟಿದ್ದರು ಎಂಬುದೇ ದೊಡ್ಡ ಮಾತು. ಯುರೋಪಿನಲ್ಲಿ 1798ರಲ್ಲಿ ಬ್ರಿಟಿಷ್ ಸೇನೆಯ ವೈದ್ಯ ಜಾನ್ ರೊಲ್ಲೊ ಮಧುಮೇಹಿಯ ಕಾಲಿನ ನೋವು, ಜೋಮುಗಳನ್ನು ಗುರುತಿಸಿದ್ದ.

1864ರಲ್ಲಿ ಫ್ರೆಂಚ್ ವೈದ್ಯ ಮಾರ್ಷಾಲ್ ದ ಕಾಲ್ವಿ ಸಕ್ಕರೆ ಕಾಯಿಲೆಯ ಅನಾಹುತಗಳ ಬಗ್ಗೆ ಪ್ರಕಟಿಸಿದ ಪುಸ್ತಕದಲ್ಲಿ ಬಾಣವನ್ನು ತಿರುಗಿಸಿದ. ನರ ಕೆಟ್ಟು ಸಕ್ಕರೆ ಕಾಯಿಲೆ ಬರುವುದಲ್ಲ, ಸಕ್ಕರೆ ಕಾಯಿಲೆಯಿಂದಲೇ ನರ ಕೆಡುತ್ತದೆ ಎಂಬುದು ಅವನ ವಾದ. ಬೆರ್ನಾರ್ ಬದುಕಿದ್ದ, ಅವನ ಕೀರ್ತಿ ಉತ್ತುಂಗದಲ್ಲಿತ್ತು. ಅಂಥ ಹೊತ್ತಿನಲ್ಲಿ ಪ್ರಯೋಗಶಾಲೆಯ ಮೊಲಕ್ಕಿಂತ ಆಸ್ಪತ್ರೆಯ ರೋಗಿಯನ್ನು ನಂಬಿದ್ದು ಮಾರ್ಷಾಲ್ ದ ಕಾಲ್ವಿಯ ಹೆಚ್ಚುಗಾರಿಕೆ.

ಈ ಕಥೆಯ ಎರಡು ಎಳೆಗಳನ್ನೂ ಕೈಯಲ್ಲಿ ಹಿಡಿದಿದ್ದ ಇನ್ನೊಬ್ಬ ಲಂಡನ್ನಿನ ಗೈಸ್ ಆಸ್ಪತ್ರೆಯ ಫ್ರೆಡರಿಕ್ ಪೇವಿ. ಅವನು 1853ರಲ್ಲಿ ಪ್ಯಾರಿಸ್ಸಿಗೆ ಹೋಗಿ ಬೆರ್ನಾರ್‌ನಲ್ಲಿ ಕಲಿತವನು. ಊರಿಗೆ ಮರಳಿದ ಮೇಲೆ ಗುರುವಿನ ಸಿದ್ಧಾಂತವನ್ನೇ ಎದುರಿಸಿ ನಿಂತ. ಜೀವಂತ ಪ್ರಾಣಿಯ ಲಿವರಿನಲ್ಲಿ ಸಕ್ಕರೆ ತೀರ ಕಡಿಮೆ, ಬೆರ್ನಾರ್ ಕಂಡದ್ದು ಪ್ರಾಣ ಹೋದ ಮೇಲೆ ಆಗುವ ಬದಲಾವಣೆ ಎಂದು ಅವನು ಬದುಕಿಡೀ ಸಾಧಿಸಿದ. ಆ ವಾದದಲ್ಲಿ ಅವನು ಸೋತ. ಆದರೆ ಅದೇ ಪೇವಿ 1885ರಲ್ಲಿ ಮಧುಮೇಹಿಗಳ ನರಬಾಧೆಯನ್ನು ವಿವರಿಸಿದ ಬಗೆಯನ್ನು ಇಂದಿನ ವೈದ್ಯರು ಓದಿದರೂ ತಲೆದೂಗುತ್ತಾರೆ. ಕಾಲು ಭಾರವಾಗುವುದು, ಪಾದ ಮರಗಟ್ಟುವುದು, ಮಿಂಚಿನಂತೆ ಹೊಡೆಯುವ ನೋವು, ರಾತ್ರಿಯ ಹೊತ್ತು ಅದು ಹೆಚ್ಚುವುದು, ಮೊಣಕಾಲಿಗೆ ತಟ್ಟಿದರೆ ಕಾಲು ಎಗರದಿರುವುದು, ಇವೆಲ್ಲ ಅದರಲ್ಲಿವೆ. ಲಿವರಿನ ವಿಷಯದಲ್ಲಿ ಎಡವಿದ ಕಣ್ಣು ಪಾದದ ವಿಷಯದಲ್ಲಿ ಎಡವಲಿಲ್ಲ. ಆದರೆ ಈ ಎರಡೂ ಒಂದೇ ರೋಗದ ಎರಡು ಮುಖ ಇರಬಹುದೆಂದು ಯೋಚಿಸುವುದಕ್ಕೆ ಬೇಕಾದ ಸಲಕರಣೆ ಆ ಕಾಲದಲ್ಲಿರಲಿಲ್ಲ.

ಲಿವರ್ ಹಿಂದೆ ಸರಿಯಿತು

1889ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಆಸ್ಕರ್ ಮಿಂಕೋವ್‌ಸ್ಕಿ ಮತ್ತು ಜೋಸೆಫ್ ಫಾನ್ ಮೇರಿಂಗ್ ನಾಯಿಯ ಮೇದೋಜ್ಜೀರಕ ಗ್ರಂಥಿಯನ್ನು ತೆಗೆದರು. ನಾಯಿಗೆ ತೀವ್ರ ಸಕ್ಕರೆ ಕಾಯಿಲೆ ಬಂತು. ಅಲ್ಲಿಂದ ಎಲ್ಲರ ಕಣ್ಣು ಆ ಗ್ರಂಥಿಯ ಮೇಲೆ. 1921ರ ಬೇಸಿಗೆಯಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಶುರುಮಾಡಿದ ಕೆಲಸ 1922ರ ಜನವರಿಯಲ್ಲಿ ಲೆನರ್ಡ್ ಥಾಂಪ್ಸನ್ ಎಂಬ ಹದಿನಾಲ್ಕರ ಹುಡುಗನಿಗೆ ಇನ್ಸುಲಿನ್ ಚುಚ್ಚುವಲ್ಲಿಗೆ ಮುಟ್ಟಿತು. ಸಾಯುವ ಮಕ್ಕಳು ಎದ್ದು ಕೂತರು. ಇಂಥ ಗೆಲುವಿನ ಮುಂದೆ ಲಿವರಿನ ಬಗ್ಗೆ ಕೇಳುವವರಾರು? ಸಕ್ಕರೆ ಕಾಯಿಲೆ ಎಂದರೆ ಇನ್ಸುಲಿನ್ನಿನ ಕೊರತೆ, ಲಿವರ್ ಎಂದರೆ ಕುಡಿತ ಮತ್ತು ಕಾಮಾಲೆ ಎಂದು ಎರಡೂ ಬೇರೆ ಬೇರೆ ವಿಭಾಗಗಳಿಗೆ ಹಂಚಿಹೋದವು.

ಇನ್ಸುಲಿನ್ ಇನ್ನೊಂದು ಕೆಲಸವನ್ನೂ ಮಾಡಿತು. ಮುಂಚೆ ಕೆಲವೇ ತಿಂಗಳು, ವರ್ಷಗಳಲ್ಲಿ ಸಾಯುತ್ತಿದ್ದವರು ಈಗ ದಶಕಗಟ್ಟಲೆ ಬದುಕಿದರು. ಬದುಕಿದವರ ಕಣ್ಣು, ಮೂತ್ರಪಿಂಡ, ನರಗಳು ನಿಧಾನವಾಗಿ ಹಾಳಾಗುತ್ತ ಬಂದವು. ಬೆಲ್ಜಿಯಂನ ವೈದ್ಯ ಜಾನ್ ಪಿರಾರ್ 1947ರಿಂದ 1973ರವರೆಗೆ 4,400 ಮಧುಮೇಹಿಗಳನ್ನು ಗಮನಿಸುತ್ತ ಬಂದ. ರೋಗ ಪತ್ತೆಯಾದಾಗ ನರಹಾನಿ ಇದ್ದವರು ನೂರಕ್ಕೆ ಏಳೆಂಟು ಜನ. ಇಪ್ಪತ್ತೈದು ವರ್ಷ ಕಳೆಯುವ ಹೊತ್ತಿಗೆ ಸುಮಾರು ಅರ್ಧದಷ್ಟು ಜನ. ಸಕ್ಕರೆ ಹತೋಟಿ ತಪ್ಪಿದವರಲ್ಲಿ ಹಾನಿ ಹೆಚ್ಚು ಎಂಬುದೂ ಅವನಿಗೆ ಕಂಡಿತು.

1993ರಲ್ಲಿ ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆದ ಡಿಸಿಸಿಟಿ ಎಂಬ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಟೈಪ್ 1 ಮಧುಮೇಹಿಗಳಲ್ಲಿ ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ನರಹಾನಿ ಸುಮಾರು 60 ಶೇಕಡಾದಷ್ಟು ಕಡಿಮೆಯಾಗುತ್ತದೆ ಎಂದು ಅದು ತೋರಿಸಿತು. ಮಾರ್ಷಾಲ್ ದ ಕಾಲ್ವಿ ತಿರುಗಿಸಿದ ಬಾಣಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿರಲಿಲ್ಲ. ಸಕ್ಕರೆ ನರವನ್ನು ಕೆಡಿಸುತ್ತದೆ, ಸಕ್ಕರೆಯನ್ನು ಇಳಿಸಿದರೆ ನರ ಉಳಿಯುತ್ತದೆ. ಲೆಕ್ಕ ಮುಗಿಯಿತು ಎಂದೇ ಅನ್ನಿಸಿತ್ತು.

ಲೆಕ್ಕ ಮುಗಿದಿರಲಿಲ್ಲ

ನಮ್ಮ ಸುತ್ತಮುತ್ತ ಕಾಣುವ ಸಕ್ಕರೆ ಕಾಯಿಲೆಯಲ್ಲಿ ಬಹುಪಾಲು ಟೈಪ್ 2. ಅದರಲ್ಲಿ ಈ ಲೆಕ್ಕ ತಾಳೆಯಾಗಲಿಲ್ಲ. ಅದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ತೂಗಿನೋಡಿದ 2012ರ ಕಾಕ್ರೇನ್ ಪರಾಮರ್ಶೆ ಹೇಳಿದ್ದಿಷ್ಟು. ಟೈಪ್ 1ರಲ್ಲಿ ಬಿಗಿ ಹತೋಟಿಯಿಂದ ನರಕ್ಕೆ ಲಾಭ ಸ್ಪಷ್ಟ. ಟೈಪ್ 2ರಲ್ಲಿ ಲಾಭ ಅಲ್ಪ, ಖಚಿತವಾಗಿ ಇದೆ ಎನ್ನುವಷ್ಟೂ ಇಲ್ಲ. ಗ್ಲೂಕೋಸ್ ಇಳಿದಿದೆ, ರಿಪೋರ್ಟ್ ಚೆನ್ನಾಗಿದೆ, ಆದರೂ ಅಂಗಾಲು ಉರಿಯುತ್ತದೆ ಎಂದು ಎಷ್ಟೋ ಮಂದಿ ಹೇಳುವ ಮಾತಿಗೆ ಇಲ್ಲಿ ಆಧಾರವಿತ್ತು. ಅವರು ಪಥ್ಯ ತಪ್ಪಿಸಿ ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳುವ ಅಗತ್ಯವಿರಲಿಲ್ಲ. ಸಕ್ಕರೆಯ ಹೊರತಾಗಿ ಬೇರೇನೋ ನರವನ್ನು ತಿನ್ನುತ್ತಿತ್ತು.

ಆ ಬೇರೇನನ್ನೋ ಹುಡುಕುವಾಗ ಲಿವರ್ ಮರಳಿ ಬಂತು. ವಾಸ್ತವವಾಗಿ ಅದು ಹಿಂಬಾಗಿಲಿನಿಂದ ಆಗಲೇ ಒಳಗೆ ಬಂದಾಗಿತ್ತು. 1957ರಲ್ಲಿ ಪ್ಯಾರಿಸ್ಸಿನ ವೈದ್ಯ ಜಾನ್ ಸ್ಟೆರ್ನ್ ಮಧುಮೇಹಿಗಳಿಗೆ ಮೆಟ್‌ಫಾರ್ಮಿನ್ ಕೊಟ್ಟು ಫಲಿತಾಂಶ ಪ್ರಕಟಿಸಿದ. ಇಂದು ಕೋಟ್ಯಂತರ ಜನ ದಿನವೂ ನುಂಗುವ ಆ ಮಾತ್ರೆಯ ಮುಖ್ಯ ಕೆಲಸ ಲಿವರ್ ಸಕ್ಕರೆ ಬಿಡುವುದನ್ನು ತಗ್ಗಿಸುವುದು. ರಾತ್ರಿ ಊಟ ಬಿಟ್ಟು ಮಲಗಿದರೂ ಬೆಳಗ್ಗೆ ಸಕ್ಕರೆ ಏರಿರುತ್ತದಲ್ಲ, ಅದು ಕಣಜದ ಬಾಗಿಲು ಮುಚ್ಚದ ಲಿವರಿನ ಕೆಲಸ. ಬೆರ್ನಾರ್ ನರವನ್ನು ಮೂಲವೆಂದದ್ದು ಮನುಷ್ಯರ ಕಾಯಿಲೆಗೆ ಹೊಂದಲಿಲ್ಲ. ಲಿವರನ್ನು ನೋಡಿ ಎಂದದ್ದು ಮಾತ್ರ ನೂರು ವರ್ಷದ ನಂತರ ನಿಜವಾಯಿತು.

1960ರ ದಶಕದ ಕೊನೆಗೂ 1970ರ ದಶಕದ ಮೊದಲಿಗೂ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ಲಿವರ್ ವಿಭಾಗದಲ್ಲಿ ವೈದ್ಯರು ದೀರ್ಘಕಾಲದ ಲಿವರ್ ರೋಗಿಗಳ ಕೈಕಾಲಿನ ನರಗಳನ್ನು ಪರೀಕ್ಷಿಸಿದರು. ಗಣನೀಯ ಸಂಖ್ಯೆಯ ಜನರಲ್ಲಿ ನರಹಾನಿಯ ಗುರುತುಗಳಿದ್ದವು. ಕುಡಿತದಿಂದ, ಸಕ್ಕರೆಯಿಂದ ನರ ಕೆಡುವುದು ಗೊತ್ತಿದ್ದದ್ದೇ. ಅವೆರಡೂ ಪೂರ್ತಿಯಾಗಿ ವಿವರಿಸಲಾರದ ಒಂದು ಪಾಲು ಲಿವರ್ ಕಾಯಿಲೆಯದೇ ಇರಬಹುದೆಂದು ಆಗ ಅನ್ನಿಸಿತು.

ಮತ್ತೆ 1980ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಯುರ್ಗೆನ್ ಲುಡ್ವಿಗ್ ಮತ್ತು ಸಂಗಡಿಗರು 20 ರೋಗಿಗಳ ವಿಚಾರ ಬರೆದರು. ಇವರ ಲಿವರಿನ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕುಡುಕರ ಲಿವರಿನಂತೆಯೇ ಕೊಬ್ಬು, ಉರಿಯೂತ. ಇವರು ಕುಡಿಯುವವರಲ್ಲ. ಹೆಚ್ಚಿನವರು ದಪ್ಪ ಮೈಯವರು, ಹಲವರಿಗೆ ಸಕ್ಕರೆ ಕಾಯಿಲೆ. ಕುಡಿಯದೆಯೂ ಲಿವರ್ ಕೆಡುತ್ತದೆ ಎಂಬುದಕ್ಕೆ ಒಂದು ಹೆಸರು ಸಿಕ್ಕಿತು. ಆ ಹೆಸರಿನೊಂದಿಗೆ ಒಂದು ಅವಮಾನವೂ ತೊಲಗಬೇಕಿತ್ತು. ಕುಡಿಯುವುದಿಲ್ಲ ಎಂದರೆ ನಂಬದ ಡಾಕ್ಟರುಗಳ ಮುಂದೆ ತಲೆತಗ್ಗಿಸಿ ಕೂತವರು ಅದುವರೆಗೆ ಎಷ್ಟು ಜನವೋ. 2023ರಲ್ಲಿ ಅಂತರರಾಷ್ಟ್ರೀಯ ತಜ್ಞರು ಮತ್ತೆ ಹೆಸರು ಬದಲಿಸಿದರು. ಈಗಿನ ಹೆಸರಿನಲ್ಲಿ ‘ಮದ್ಯವಲ್ಲದ’ ಎಂಬ ಮಾತು ಹೋಗಿದೆ, ‘ಚಯಾಪಚಯದ ಏರುಪೇರಿನ’ ಎಂಬ ಮಾತು ಬಂದಿದೆ. ನಾವು ಫ್ಯಾಟಿ ಲಿವರ್ ಎಂದರೆ ಸಾಕು.

ಕೊಬ್ಬಿದ ಲಿವರ್, ಬಡವಾದ ನರ

ಇವೆರಡರ ನಡುವಿನ ದಾರಿ ಯಾವುದಿರಬಹುದು? ಲಿವರಿನಲ್ಲಿ ಕೊಬ್ಬು ತುಂಬಿಕೊಂಡಾಗ ಅದು ಇನ್ಸುಲಿನ್ನಿನ ಮಾತು ಕೇಳುವುದಿಲ್ಲ. ಸಕ್ಕರೆ ಬಿಡುವುದನ್ನು ನಿಲ್ಲಿಸುವುದಿಲ್ಲ. ಜೊತೆಗೆ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನೂ ಹೆಚ್ಚು ಹೆಚ್ಚಾಗಿ ರಕ್ತಕ್ಕೆ ಕಳಿಸುತ್ತದೆ. ಉರಿಯೂತವನ್ನು ಕೆರಳಿಸುವ ವಸ್ತುಗಳೂ ಹೊರಡುತ್ತವೆ. ಇವೆಲ್ಲ ದೇಹವಿಡೀ ಸುತ್ತುತ್ತವೆ. ಎಲ್ಲಕ್ಕಿಂತ ಮೊದಲು ಪಾದ ಯಾಕೆ ಬಳಲಬೇಕು? ಯಾಕೆಂದರೆ ಕಾಲ್ಬೆರಳಿನ ತುದಿಗೆ ಹೋಗುವ ನರತಂತುವಿನ ತಾಯಿಕೋಶ ಇರುವುದು ಬೆನ್ನುಮೂಳೆಯ ಬಳಿ. ಅಲ್ಲಿಂದ ಬೆರಳಿನ ತುದಿಗೆ ಸುಮಾರು ಒಂದು ಮೀಟರ್ ದೂರ. ಅಷ್ಟುದ್ದಕ್ಕೂ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳನ್ನು ಆ ಒಂದೇ ಕೋಶ ಸಾಗಿಸಬೇಕು. ಕಾಲುವೆಯ ಕೊನೆಯ ಗದ್ದೆಯ ಹಾಗೆ, ಮೇಲೆ ಸ್ವಲ್ಪ ಕೊರತೆಯಾದರೂ ಮೊದಲು ಒಣಗುವುದು ತುದಿ. ಸಕ್ಕರೆ ಮತ್ತು ಕೊಬ್ಬಿನ ಹೊರೆ ಎರಡೂ ಸೇರಿ ಈ ಸಾಗಾಟವನ್ನೂ, ನರಕ್ಕೆ ಹೊದಿಕೆಯಾಗಿರುವ ಶ್ವಾನ್ ಕೋಶಗಳನ್ನೂ ಕೆಡಿಸುತ್ತವೆ ಎಂಬುದು ಈಗಿನ ವಿವರಣೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಈವಾ ಫೆಲ್ಡ್‌ಮನ್, ಬ್ರಯನ್ ಕ್ಯಾಲಹನ್ ಮುಂತಾದವರ ಕೆಲಸ ಇದನ್ನು ಮುಂದಕ್ಕೆ ತಂದಿದೆ. ಸೊಂಟದ ಸುತ್ತಳತೆ, ಟ್ರೈಗ್ಲಿಸರೈಡ್, ರಕ್ತದೊತ್ತಡ ಇಂಥ ಏರುಪೇರುಗಳು ಕೂಡುತ್ತ ಹೋದಷ್ಟೂ ನರಹಾನಿಯ ಸಾಧ್ಯತೆ ಹೆಚ್ಚುತ್ತದೆ ಎಂದು ಅವರು ತೋರಿಸಿದ್ದಾರೆ.

ಹಾಗಾದರೆ ಫ್ಯಾಟಿ ಲಿವರೇ ನರವನ್ನು ಕೆಡಿಸುತ್ತದೆ ಎಂದು ಬರೆದುಬಿಡಬಹುದೇ? ಬರೆಯಲಾಗದು. ಸಕ್ಕರೆ ಕಾಯಿಲೆಯವರಲ್ಲಿ ಫ್ಯಾಟಿ ಲಿವರ್ ಇದ್ದವರಿಗೂ ಇಲ್ಲದವರಿಗೂ ನರಹಾನಿಯನ್ನು ಹೋಲಿಸಿದ ಅಧ್ಯಯನಗಳು ಹಲವು ದೇಶಗಳಿಂದ ಬಂದಿವೆ. ಕೆಲವು ಸಂಬಂಧವಿದೆ ಎಂದಿವೆ, ಕೆಲವು ಇಲ್ಲ ಎಂದಿವೆ. ಇನ್ನು ಕೆಲವು, ಬರೀ ಕೊಬ್ಬಿಗಿಂತ ಲಿವರ್ ಗಟ್ಟಿಯಾಗಿ ಗಾಯಗಟ್ಟುವ ಹಂತಕ್ಕೂ ನರಹಾನಿಗೂ ನಂಟು ಹೆಚ್ಚು ಎಂದಿವೆ. ಈ ಭಿನ್ನಾಭಿಪ್ರಾಯಕ್ಕೆ ಕಾರಣಗಳಿವೆ. ಸಾಮಾನ್ಯ ಅಲ್ಟ್ರಾಸೌಂಡ್ ಸ್ಕ್ಯಾನಿಗೆ ಲಿವರಿನಲ್ಲಿ ಸ್ವಲ್ಪ ಕೊಬ್ಬಿದ್ದರೆ ಕಾಣುವುದಿಲ್ಲ, ಸಾಕಷ್ಟು ತುಂಬಿದ ಮೇಲೇ ಕಾಣುತ್ತದೆ. ನರಹಾನಿಯನ್ನು ಒಬ್ಬರು ಪ್ರಶ್ನೆ ಕೇಳಿ, ಇನ್ನೊಬ್ಬರು ಕಂಪನ ಮುಟ್ಟಿಸಿ, ಮತ್ತೊಬ್ಬರು ವಿದ್ಯುತ್ ಹಾಯಿಸಿ ಅಳೆಯುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಹೆಚ್ಚಿನವು ಒಂದೇ ಹೊತ್ತಿನಲ್ಲಿ ಎರಡನ್ನೂ ನೋಡಿದ ಅಧ್ಯಯನಗಳು. ಎರಡು ಮನೆಗೆ ಒಂದೇ ರಾತ್ರಿ ನೀರು ನುಗ್ಗಿದರೆ ಮೊದಲ ಮನೆಯೇ ಎರಡನೆಯದನ್ನು ಮುಳುಗಿಸಿತು ಎನ್ನಲಾಗದು. ಹೊಳೆ ಎರಡಕ್ಕೂ ಒಂದೇ ಇರಬಹುದು.

ಬೆರ್ನಾರ್‌ನ ಮೊಲದ ಪಾಠವನ್ನು ಇಲ್ಲಿ ನೆನೆಯಬೇಕು. ಅವನ ಪ್ರಯೋಗ ಸರಿಯಿತ್ತು. ಅದರಿಂದ ಒಂದೇ ದಿಕ್ಕಿನ ಬಾಣ ಬರೆದು ಎಲ್ಲ ರೋಗಿಗಳಿಗೂ ಅಂಟಿಸಿದ್ದು ತಪ್ಪಾಯಿತು. ಮಾರ್ಷಾಲ್ ದ ಕಾಲ್ವಿಯ ಬಾಣವೂ ಸರಿಯಿತ್ತು, ಸಕ್ಕರೆಯೊಂದೇ ಸಾಕು ಎಂದುಕೊಂಡದ್ದು ತಪ್ಪಾಯಿತು. ಲಿವರಿನಿಂದ ನರಕ್ಕೆ ಈಗ ಮೂರನೆಯ ಬಾಣ ಬರೆಯಲು ಹೊರಟಿರುವವರು ಇದನ್ನು ಮರೆಯದಿದ್ದರೆ ಒಳ್ಳೆಯದು.

ಪುಣೆ, ಚೆನ್ನೈ ಮತ್ತು ನಮ್ಮ ಮೈ

ಈ ವಾದ ಪ್ಯಾರಿಸ್, ಲಂಡನ್, ಅಮೆರಿಕಗಳಲ್ಲಿ ಬೆಳೆದದ್ದು ನಿಜ. ಅದರ ಭಾರ ಹೊರುತ್ತಿರುವವರಲ್ಲಿ ನಾವೇ ಮುಂದು. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ.

ಚೆನ್ನೈಯಲ್ಲಿ ಈ ಕಾಯಿಲೆಗೆ ದೀರ್ಘ ಚರಿತ್ರೆಯಿದೆ. ಅಲ್ಲಿನ ಸ್ಟ್ಯಾನ್ಲಿ ಆಸ್ಪತ್ರೆಯಲ್ಲಿ ಡಾ. ಎಂ. ವಿಶ್ವನಾಥನ್ 1948ರಲ್ಲೇ ಮಧುಮೇಹಕ್ಕೆಂದು ಪ್ರತ್ಯೇಕ ಚಿಕಿತ್ಸಾಲಯ ತೆರೆದಿದ್ದರು. ಮುಂದೆ ಅದೇ ನಗರದಲ್ಲಿ ಡಾ. ವಿ. ಮೋಹನ್ ಮತ್ತು ಸಂಗಡಿಗರು ನಡೆಸಿದ ಕ್ಯೂರ್ಸ್ ಅಧ್ಯಯನದಲ್ಲಿ ಮಧುಮೇಹಿಗಳ ಪೈಕಿ ನಾಲ್ವರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಜನರಿಗೆ ನರಹಾನಿ ಇತ್ತು. ಅದೇ ಅಧ್ಯಯನದ ಮತ್ತೊಂದು ಭಾಗದಲ್ಲಿ ಮಧುಮೇಹಿಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಫ್ಯಾಟಿ ಲಿವರ್ ಕಂಡಿತು. ಎರಡೂ ಇಷ್ಟು ಸಾಮಾನ್ಯವಾಗಿರುವಾಗ ಒಬ್ಬರಲ್ಲೇ ಎರಡೂ ಇರುವುದು ಅಪರೂಪವೇನಲ್ಲ.

ನಾನು ದಪ್ಪ ಇಲ್ಲವಲ್ಲ, ನನಗ್ಯಾಕೆ ಫ್ಯಾಟಿ ಲಿವರ್ ಎನ್ನುವವರಿಗೆ ಪುಣೆಯಿಂದ ಉತ್ತರವಿದೆ. ಅಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ ಲಂಡನ್ನಿನ ಸಂಶೋಧಕ ಜಾನ್ ಯುಡ್ಕಿನ್ ಜೊತೆ ಪಕ್ಕಪಕ್ಕ ನಿಂತ ಫೋಟೊವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು 9.1 ಶೇಕಡಾ, ಯಾಜ್ಞಿಕರ ಮೈಯಲ್ಲಿ 21.2 ಶೇಕಡಾ. ತೆಳ್ಳಗೆ ಕಾಣುವ ಭಾರತೀಯ ಮೈಯೊಳಗೆ ಅಡಗಿದ ಕೊಬ್ಬನ್ನು ಇದಕ್ಕಿಂತ ಸರಳವಾಗಿ ಯಾರೂ ತೋರಿಸಿಲ್ಲ. ಅಂಗಿಯ ಅಳತೆ ಬದಲಾಗದೆಯೂ ಲಿವರಿನಲ್ಲಿ ಕೊಬ್ಬು ಸೇರಬಹುದು.

ಪುಣೆಯಿಂದಲೇ ಬಂದ ಇನ್ನೊಂದು ವಿಷಯವೂ ಈ ಕಥೆಗೆ ಬೇಕು. ಬಿ12 ವಿಟಮಿನ್ ನರಗಳಿಗೆ ಅತ್ಯವಶ್ಯ. ದೇಹ ಅದನ್ನು ಕೂಡಿಡುವುದೂ ಲಿವರಿನಲ್ಲೇ. ಅದು ನಮಗೆ ಸಿಗುವುದು ಮಾಂಸ, ಮೊಟ್ಟೆ, ಹಾಲಿನಂಥ ಪ್ರಾಣಿಮೂಲದ ಆಹಾರದಿಂದ. 2006ರಲ್ಲಿ ಯಾಜ್ಞಿಕ್ ತಂಡ ಪುಣೆ ಮತ್ತು ಸುತ್ತಲಿನ ನಡುವಯಸ್ಸಿನ ಗಂಡಸರನ್ನು ಪರೀಕ್ಷಿಸಿದಾಗ ಸುಮಾರು ಮೂರನೇ ಎರಡರಷ್ಟು ಜನರಲ್ಲಿ ಬಿ12 ಕಡಿಮೆಯಿತ್ತು, ಸಸ್ಯಾಹಾರಿಗಳಲ್ಲಿ ಇನ್ನೂ ಹೆಚ್ಚು. ಈಗ ಇದರ ಮೇಲೆ ಮೆಟ್‌ಫಾರ್ಮಿನ್ ಸೇರಿಸಿ. ಲಿವರನ್ನು ಹದಕ್ಕೆ ತರುವ ಅದೇ ಮಾತ್ರೆ ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಹೀರಿಕೆಯನ್ನು ತಗ್ಗಿಸುತ್ತದೆ. ಹಾಗಾಗಿ ಅನ್ನ, ಸಾರು, ಮಜ್ಜಿಗೆಯಲ್ಲಿ ದಿನ ಕಳೆಯುವ ಮಧುಮೇಹಿಯ ಅಂಗಾಲು ಉರಿದರೆ ಅದಕ್ಕೆ ಸಕ್ಕರೆ ಕಾರಣವಿರಬಹುದು, ಲಿವರಿನ ಕೊಬ್ಬಿನ ಪಾಲಿರಬಹುದು, ಬಿ12 ಕೊರತೆಯಿರಬಹುದು. ಈ ಕೊನೆಯದನ್ನು ಒಂದು ರಕ್ತಪರೀಕ್ಷೆಯಿಂದ ಕಂಡುಹಿಡಿದು ಸರಿಪಡಿಸಬಹುದು. ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಇದಕ್ಕೆ ಪರಿಹಾರವಲ್ಲ. ಪರೀಕ್ಷೆ ಮಾಡಿಸಿ ಎಂದು ಕೇಳುವುದು ಪರಿಹಾರ.

ನೋವು ಹೋದರೆ ಗುಣವಾಯಿತೆಂದಲ್ಲ

ಲಿವರಿಗೂ ಕೆಟ್ಟ ನರಕ್ಕೂ ಒಂದು ಸಾಮ್ಯವಿದೆ. ಎರಡೂ ಸದ್ದು ಮಾಡುವುದಿಲ್ಲ. ಲಿವರಿನಲ್ಲಿ ಕೊಬ್ಬು ತುಂಬುವಾಗ ನೋವಿರುವುದಿಲ್ಲ. ನರ ಮೊದಮೊದಲು ಉರಿದು ಕೂಗುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಉರಿ ಹೋಯಿತಲ್ಲ ಎಂದು ಮನೆಯವರು ಸಮಾಧಾನಪಡುವ ಹೊತ್ತಿಗೆ ಪಾದದಿಂದ ಚಪ್ಪಲಿ ಜಾರಿದ್ದೂ ತಿಳಿಯದಷ್ಟು ಸ್ಪರ್ಶ ಸತ್ತಿರುತ್ತದೆ.

ಈ ಮೌನದ ಅಪಾಯವನ್ನು ಜಗತ್ತಿಗೆ ವಿವರಿಸಿದ್ದು ವೆಲ್ಲೂರಿನಲ್ಲಿ ಕಲಿತ ಪಾಠ. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಬಾಲ್ಯ ಕಳೆದ ಪಾಲ್ ಬ್ರ್ಯಾಂಡ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಶಸ್ತ್ರವೈದ್ಯರಾಗಿ ಬಂದರು. ಕುಷ್ಠರೋಗಿಗಳ ಬೆರಳು ತಾನಾಗಿ ಕೊಳೆತು ಬೀಳುತ್ತದೆ ಎಂದು ಎಲ್ಲರೂ ನಂಬಿದ್ದರು. ಬ್ರ್ಯಾಂಡ್ ಹತ್ತಿರ ಕೂತು ನೋಡಿದರು. ಮಾಂಸದಲ್ಲಿ ದೋಷವಿರಲಿಲ್ಲ. ನೋವು ಗೊತ್ತಾಗದ ಕಾರಣ ಅವರು ಗಾಯದ ಮೇಲೆಯೇ ನಡೆಯುತ್ತಿದ್ದರು, ಬಿಸಿ ಪಾತ್ರೆಯನ್ನು ಕೈಯಿಂದ ಬಿಡುತ್ತಿರಲಿಲ್ಲ. 1966ರಲ್ಲಿ ಅವರು ಅಮೆರಿಕದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದ ಮೇಲೆ ಅದೇ ಅರಿವು ಮಧುಮೇಹಿಗಳ ಪಾದಕ್ಕೂ ಅನ್ವಯವಾಯಿತು. ಇಂದು ವೈದ್ಯರು ಪಾದಕ್ಕೆ ಒತ್ತಿ ಮುಟ್ಟಿದ್ದು ತಿಳಿಯಿತೇ ಎಂದು ಕೇಳುವ ನೈಲಾನ್ ಎಳೆಯ ಪರೀಕ್ಷೆ ಮಧುಮೇಹಿಗಳಲ್ಲಿ ಬಳಕೆಗೆ ಬರುವುದರ ಹಿಂದೆ ಕುಷ್ಠರೋಗದ ಆಸ್ಪತ್ರೆಗಳ ಅನುಭವವಿದೆ. ಅದಕ್ಕೆ ಹಿಡಿಯುವುದು ಎರಡು ಮೂರು ನಿಮಿಷ, ಖರ್ಚು ಹೆಚ್ಚುಕಡಿಮೆ ಇಲ್ಲ. ಆದರೂ ರೋಗಿ ಸಾಕ್ಸ್ ತೆಗೆಯದೆ, ಡಾಕ್ಟರ್ ಕೇಳದೆ, ಎಷ್ಟೋ ಭೇಟಿಗಳು ಮುಗಿಯುತ್ತವೆ.

2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಫ್ಯಾಟಿ ಲಿವರನ್ನು ಮಧುಮೇಹ, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮದೊಳಕ್ಕೆ ಸೇರಿಸಿತು. ಕಾಗದದ ಮೇಲಾದರೂ ಲಿವರ್ ಮತ್ತು ಸಕ್ಕರೆ ಒಂದೇ ಸೂರಿನಡಿ ಬಂದವು. ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಈಗಲೂ ಸ್ಕ್ಯಾನ್ ರಿಪೋರ್ಟ್ ಒಂದು ಮಹಡಿಯಲ್ಲಿ, ಸಕ್ಕರೆಯ ಚೀಟಿ ಇನ್ನೊಂದರಲ್ಲಿ, ಕಾಲು ಉರಿಯ ದೂರು ಮತ್ತೊಂದರಲ್ಲಿ. ಮೂರನ್ನೂ ಒಂದೇ ಫೈಲಿಗೆ ಹಾಕಿಕೊಂಡು ಹೋಗುವ ಕೆಲಸ ಸದ್ಯಕ್ಕೆ ರೋಗಿಯದೋ ಜೊತೆಗೆ ಬಂದ ಮಗಳದೋ ಆಗಿದೆ. ಆ ಫೈಲು ಹಿಡಿದವರು ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ಸ್ಕ್ಯಾನಿನಲ್ಲಿ ಫ್ಯಾಟಿ ಲಿವರ್ ಎಂದು ಬರೆದಿದೆ, ಅದು ಗಟ್ಟಿಯಾಗಿದೆಯೇ ನೋಡಬೇಕೆ? ಪಾದದ ಸ್ಪರ್ಶ ಪರೀಕ್ಷೆ ಈ ವರ್ಷ ಆಗಿದೆಯೇ? ಬಿ12 ಎಷ್ಟಿದೆ?

ನರಹಾನಿಯ ನೋವಿಗೆ ಮಾತ್ರೆಗಳಿವೆ, ಕೆಟ್ಟ ನರವನ್ನೇ ಸರಿಪಡಿಸುವ ಮಾತ್ರೆ ಇನ್ನೂ ಇಲ್ಲ. ಲಿವರಿಗೆ 2024ರಲ್ಲಿ ಅಮೆರಿಕದಲ್ಲಿ ಮೊದಲ ಔಷಧಕ್ಕೆ ಒಪ್ಪಿಗೆ ಸಿಕ್ಕಿತು. ಆದರೆ ಎರಡಕ್ಕೂ ಸಲ್ಲುವ ಒಂದು ಉಪಾಯದ ಬಗ್ಗೆ ಭರವಸೆಗೆ ಕಾರಣವಿದೆ. 2006ರಲ್ಲಿ ಅಮೆರಿಕದ ಗಾರ್ಡನ್ ಸ್ಮಿತ್ ಮತ್ತು ಸಂಗಡಿಗರು ಮಧುಮೇಹದ ಹೊಸ್ತಿಲಲ್ಲಿದ್ದು ಆಗಲೇ ನರಹಾನಿ ಕಾಣಿಸಿಕೊಂಡಿದ್ದ 32 ಜನರಿಗೆ ಒಂದು ವರ್ಷ ಆಹಾರ ಮತ್ತು ವ್ಯಾಯಾಮದ ಮಾರ್ಗದರ್ಶನ ಕೊಟ್ಟರು. ಕೊನೆಗೆ ತೊಡೆಯ ಚರ್ಮದ ಸಣ್ಣ ತುಣುಕು ತೆಗೆದು ಎಣಿಸಿದಾಗ ನರತಂತುಗಳು ಹೆಚ್ಚಾಗಿದ್ದವು. ಸಣ್ಣ ಪ್ರಯೋಗ, ಸಣ್ಣ ಗೆಲುವು. ಆದರೂ ಸತ್ತೇಹೋಯಿತು ಎಂದುಕೊಂಡ ತುದಿ ಮತ್ತೆ ಚಿಗುರಬಲ್ಲದು ಎಂಬುದನ್ನು ಅದು ತೋರಿಸಿತು. ಮೈತೂಕ ಇಳಿದರೆ ಲಿವರಿನ ಕೊಬ್ಬೂ ಇಳಿಯುತ್ತದೆ ಎಂಬುದಂತೂ ಚೆನ್ನಾಗಿ ಗೊತ್ತಿರುವ ಸಂಗತಿ.

ಬಾಣ ಯಾವ ದಿಕ್ಕಿಗೆ ಎಂಬ ವಾದ ಇನ್ನೂ ಕೆಲವು ಕಾಲ ನಡೆಯಲಿ. ಅದು ತೀರ್ಮಾನವಾಗುವವರೆಗೆ ಪಾದ ಕಾಯಬೇಕಾಗಿಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ರಾತ್ರಿ ಮಲಗುವ ಮುಂಚೆ ಅವರ ಅಂಗಾಲನ್ನು ಬೆಳಕಿಗೆ ಹಿಡಿದು ನೋಡಿ. ಅವರಿಗೆ ಬಗ್ಗಿ ನೋಡಲು ಆಗದು, ನೋವು ಹೇಳಿಕೊಡುವ ಸ್ಥಿತಿಯಲ್ಲಿ ಇಲ್ಲದಿರಬಹುದು. ನೋಡುವ ಕಣ್ಣೊಂದು ಬೇಕು.